ನಿಧಾನಮ್ಮನ ಆರು ಹಲ್ಲು

ಜುಲೈ ೧೯

ಅಪ್ಪಾ,

ಇದು ಮೆಸೇಜ್ ಆಗಿದ್ದಿದ್ದರೆ ಇಷ್ಟು ಹೊತ್ತಿಗೆ ಹನ್ನೆರಡು ತುಂಡು ಮಾಡಿ ಕಳಿಸಿರ್ತಿದ್ದೆ, ನೀವು ‘ಸರಿ’ ಅಂತ ಒಂದೇ ಪದ ಬರೆದು ಮುಗಿಸಿರ್ತಿದ್ದಿರಿ. ಇಲ್ಲಿ ಸಿಗ್ನಲ್ ಇಲ್ಲ. ನೀರಿನ ಟ್ಯಾಂಕ್ ಮೇಲೆ ಹತ್ತಿ ನಿಂತರೆ ಒಂದು ಕಡ್ಡಿ ಬರುತ್ತೆ, ಕೆಮ್ಮಿದರೆ ಹೋಗುತ್ತೆ. ವಾರಕ್ಕೊಂದು ಸಲ ಹಣ್ಣಿನ ಜೀಪು ಬರುತ್ತೆ, ಅದೇ ನಮ್ಮ ಅಂಚೆ. ಕಾಗದಕ್ಕೆ ನೀಲಿ ಗೀಟು ಬರಲ್ಲ ನೋಡಿ, ನೀವು ಓದಿದಿರೋ ಇಲ್ಲವೋ ಅಂತ ಹೇಗೆ ಗೊತ್ತಾಗಬೇಕು.

‘ಅಪ್ಪ ಮಾತು ಬಿಟ್ಟಿಲ್ಲ ಕಣೇ, ಸುಮ್ಮನಿದ್ದಾರೆ ಅಷ್ಟೇ’ ಅಂದಳು ಅಮ್ಮ. ಹಲ್ಲಿನ ಡಾಕ್ಟರ ಮಗಳು ಹಲ್ಲಿನ ಕಾಲೇಜನ್ನ ಎರಡನೇ ವರ್ಷಕ್ಕೇ ಬಿಟ್ಟು ಕಾಡುಪ್ರಾಣಿಗಳ ಆರೈಕೆ ಕೇಂದ್ರ ಸೇರಿದರೆ ಅಪ್ಪ ಸುಮ್ಮನಿರದೆ ಇನ್ನೇನು ಮಾಡಬೇಕು, ಒಪ್ಪಿದೆ. ಆದರೂ ಈ ಪತ್ರ ಪೂರ್ತಿ ಓದಿ. ಇದರಲ್ಲಿ ಹಲ್ಲಿನ ವಿಷಯವೂ ಇದೆ.

ಕಾಡುಪಾಪದ ಅಭಿಮಾನಿಗಳ ಗುಂಪಿನಲ್ಲಿ ನಾವು ನಾಲ್ಕು ಸಾವಿರ ಜನ ಇದ್ದೀವಿ. ನಿಜವಾದ ಕಾಡುಪಾಪದ ಜೊತೆ ಒಂದೇ ಕೋಣೆಯಲ್ಲಿ ಕೂತವಳು ನಾನೊಬ್ಬಳೇ. ಸಣಕಲು ಕಾಲಿನ ಜಾತಿಯಲ್ಲ ಇದು, ದುಂಡಗಿನ ಜಾತಿ. ಮೊನ್ನೆ ಒಂದು ಬಂತು, ಬಸ್ಸಿನಲ್ಲಿ ಬುಟ್ಟಿಯೊಳಗೆ ಸಾಗಿಸ್ತಿದ್ದರಂತೆ, ಅರಣ್ಯದವರು ಹಿಡಿದು ತಂದರು. ಹೆಣ್ಣು. ಎರಡು ಅಂಗೈ ಸೇರಿಸಿದರೆ ಅದರಲ್ಲಿ ಕೂರುತ್ತೆ. ಮುಖದಲ್ಲಿ ಕಣ್ಣು ಬಿಟ್ಟು ಬೇರೆ ಏನಕ್ಕೂ ಜಾಗ ಇಲ್ಲ. ನಡೆಯೋದು ಹೇಗೆ ಅಂದರೆ, ಮಗು ಮಲಗಿರೋ ಮನೆಯಲ್ಲಿ ನಾವು ನಡೆಯಲ್ವಾ, ಹಾಗೆ. ಮುಂದಿನ ಕೊಂಬೆ ಗಟ್ಟಿ ಅಂತ ಗೊತ್ತಾಗೋವರೆಗೂ ಹಿಂದಿನ ಕೊಂಬೆ ಬಿಡಲ್ಲ. ನಾವು ನೋಡ್ತಿದ್ದೀವಿ ಅಂತ ಗೊತ್ತಾದರೆ ಇದ್ದಲ್ಲೇ ಗಂಟಾಗಿಬಿಡ್ತಾಳೆ, ಮರದ ಗಂಟು. ಎಷ್ಟು ಹೊತ್ತು ಬೇಕಾದರೂ. ನೀವು ಮಾರ್ಕ್ಸ್ ಕಾರ್ಡ್ ನೋಡುವಾಗ ನಾನು ಆಗ್ತಿದ್ದೆನಲ್ಲ, ಹಾಗೆ. ನಾವೆಲ್ಲ ಅವಳನ್ನ ನಿಧಾನಮ್ಮ ಅಂತೀವಿ.

ಅವಳು ರಾತ್ರಿಯವಳು. ಅದಕ್ಕೆ ಅವಳ ಕೋಣೆಯಲ್ಲಿ ಗಡಿಯಾರ ತಿರುಗಿಸಿಟ್ಟಿದ್ದಾರೆ: ರಾತ್ರಿಯೆಲ್ಲಾ ಬಿಳಿ ದೀಪ, ಹಗಲಿಗೆ ಕಿಟಕಿ ಮುಚ್ಚಿ ಕೆಂಪು ದೀಪ, ಅವಳಿಗೆ ಅದೇ ಕತ್ತಲೆ. ಬೆಳಗ್ಗೆ ಹತ್ತಕ್ಕೆ ಅವಳಿಗೆ ಮುಸ್ಸಂಜೆ. ನನ್ನಂಥವಳಿಗೆ ಹೇಳಿ ಮಾಡಿಸಿದ ಕೆಲಸ ಇದು, ಹಗಲು ರಾತ್ರಿ ತಿರುಗಿಸಿಟ್ಟವಳು ಅಂತ ನೀವೇ ಬೈತಿದ್ದಿರಲ್ಲ.

ಈಗ ಹಲ್ಲು. ಇವುಗಳ ಕೆಳದವಡೆಯಲ್ಲಿ ಮುಂದಿನ ಆರು ಹಲ್ಲು ಒತ್ತೊತ್ತಾಗಿ ಬಾಚಣಿಗೆ ತರ ಮುಂದಕ್ಕೆ ಚಾಚಿರುತ್ತೆ. ಅದರಲ್ಲೇ ಮೈ ಬಾಚಿಕೊಳ್ಳೋದು, ಅದರಲ್ಲೇ ತೊಗಟೆ ಕೆರೆದು ಅಂಟು ತಿನ್ನೋದು. ಮಾರೋರು, ಕಚ್ಚದಿರಲಿ ಅಂತ, ಉಗುರು ಕತ್ತರಿಯಲ್ಲಿ ಅದನ್ನ ಕಚಕ್ ಅನಿಸಿಬಿಡ್ತಾರೆ. ನಿಧಾನಮ್ಮನದೂ ಹೋಗಿದೆ. ಆದರೆ ಕತ್ತರಿಸಿದ ಹಾಗಿಲ್ಲ ಅಪ್ಪಾ. ಉಜ್ಜಿದ್ದಾರೆ. ಅಂಚೆಲ್ಲ ನುಣುಪು, ಎಡದಿಂದ ಬಲಕ್ಕೆ ಸಣ್ಣ ಓರೆ. ನಮ್ಮ ಡಾಕ್ಟರಮ್ಮ ಭೂತಗನ್ನಡಿ ಹಿಡಿದು ನೋಡಿ, ‘ಇದು ಕಲಿತವರ ಕೈ’ ಅಂದರು. ನಿಮ್ಮ ಯಂತ್ರದಂಥದ್ದರಲ್ಲಿ ಉಜ್ಜಿದರೆ ಹಾಗೆ ಬರುತ್ತಾ?

ಉತ್ತರ ಬರೀರಿ. ‘ಸರಿ’ ಅಂತ ಬರೆದರೆ ವಾಪಸ್ ಕಳಿಸ್ತೀನಿ.

ನಿಮ್ಮ,
ಗೂಬೆಮರಿ


ಆಗಸ್ಟ್ ೨

ಗೂಬೆಮರಿಗೆ ಅಪ್ಪನ ಆಶೀರ್ವಾದ.

ನಿನ್ನ ಪತ್ರ ತಲುಪಿತು. ನಿನ್ನ ಅಮ್ಮ ಅದನ್ನು ಕ್ಲಿನಿಕ್ಕಿನ ಕೌಂಟರಿನಲ್ಲಿ ಕುಳಿತು ಜೋರಾಗಿ ಓದಿದಳು. ಕಾಯುತ್ತಿದ್ದ ಮೂವರು ರೋಗಿಗಳೂ ಕೇಳಿದರು. ಕಟ್ಟು ಹಲ್ಲಿನ ಮೇಷ್ಟ್ರು ‘ಮಾರ್ಕ್ಸ್ ಕಾರ್ಡ್ ವಿಷಯ ಸ್ವಲ್ಪ ಇನ್ನೊಂದ್ಸಲ ಓದಮ್ಮ’ ಎಂದರು. ಅವರ ಹೊಸ ಸೆಟ್ಟು ಇನ್ನೂ ಸರಿ ಕೂತಿಲ್ಲ; ನಕ್ಕಾಗ ಮೇಲಿನದು ಕೆಳಗೆ ಬಂತು.

ನಾನು ಸುಮ್ಮನಿದ್ದದ್ದು ನಿಜ. ನೀನು ಹೋದ ಮೇಲೆ ನಿನ್ನ ಕೋಣೆಯ ದೀಪ ರಾತ್ರಿ ಎರಡಕ್ಕೆ ಉರಿಯುವುದು ನಿಂತಿತು. ಅದನ್ನು ಆರಿಸು ಎಂದು ಕೂಗುವ ಕೆಲಸ ನನಗೂ ತಪ್ಪಿತು.

ನೀನು ಕೇಳಿದ್ದಕ್ಕೆ ಉತ್ತರ: ಹೌದು, ಯಂತ್ರಕ್ಕೆ ಸಣ್ಣ ಉಜ್ಜುಕಡ್ಡಿ ಹಾಕಿ ನಿಧಾನವಾಗಿ ಉಜ್ಜಿ, ಆಮೇಲೆ ರಬ್ಬರಿನಿಂದ ಪಾಲಿಶ್ ಮಾಡಿದರೆ ಹಾಗೆ ಬರುತ್ತದೆ. ಮಾಡಿದವರು ಮರಗಟ್ಟಿಸುವ ಔಷಧಿ ಹಾಕಿಯೇ ಮಾಡಿರುತ್ತಾರೆ. ನೋವಾಗದಂತೆ ನೋಡಿಕೊಂಡಿರುತ್ತಾರೆ.

ಅದು ಈಗ ಹೇಗಿದೆ? ತಿನ್ನುತ್ತದೆಯೇ? ಹತ್ತಿರ ಹೋದರೆ ಎರಡೂ ಕೈ ತಲೆಯ ಮೇಲೆತ್ತಿ, ಎತ್ತಿಕೋ ಎನ್ನುವಂತೆ ನಿಲ್ಲುತ್ತದಲ್ಲ, ಆಗ ಎತ್ತಿಕೊಳ್ಳುತ್ತೀರಾ? ಎತ್ತಿಕೊಳ್ಳಿ. ನೀನು ಚಿಕ್ಕವಳಿದ್ದಾಗ ಹಾಗೆಯೇ ನಿಲ್ಲುತ್ತಿದ್ದೆ, ಬಾಗಿಲ ಬಳಿ, ನಾನು ಕೈ ತೊಳೆಯುವವರೆಗೂ ಕೈ ಇಳಿಸದೆ.

ಊಟ ಸರಿಯಾಗಿ ಮಾಡು.

ಇಂತಿ,
ಅಪ್ಪ


ಆಗಸ್ಟ್ ೧೬

ಅಪ್ಪಾ,

ನಿಮ್ಮ ಪತ್ರ ನಾಲ್ಕು ಸಲ ಓದಿದೆ. ಮೊದಲನೇ ಸಲ ನಕ್ಕೆ. ಎರಡನೇ ಸಲ ಕೋಣೆಯ ದೀಪದ ಸಾಲಿಗೆ ಕಣ್ಣು ಒದ್ದೆಯಾಯ್ತು. ಮೂರನೇ ಸಲ ಆ ಕೈ ಎತ್ತೋ ಸಾಲಿಗೆ ನಿಂತುಬಿಟ್ಟೆ.

ಅದು ಎತ್ತಿಕೋ ಅಂತ ಅಲ್ಲ ಅಪ್ಪಾ.

ಇವುಗಳ ಮೊಣಕೈಯ ಒಳಮಗ್ಗುಲಲ್ಲಿ ಒಂದು ಗ್ರಂಥಿ ಇದೆ. ಹೆದರಿಕೆ ಆದಾಗ ಎರಡೂ ಕೈ ತಲೆ ಮೇಲೆ ಎತ್ತಿ, ಬಾಯಿಯನ್ನ ಆ ಗ್ರಂಥಿಗೆ ತಾಗಿಸಿ, ಅಲ್ಲಿನ ಎಣ್ಣೆಯಂಥ ರಸ ನೆಕ್ತಾವೆ. ರಸ ಎಂಜಲು ಸೇರಿದರೆ ವಿಷ. ಆಮೇಲೆ ಆ ಬಾಚಣಿಗೆ ಹಲ್ಲಿನಲ್ಲಿ ಕಚ್ಚೋದು, ಆ ಸಂದುಗಳಲ್ಲಿ ವಿಷ ಏರಿ ಗಾಯಕ್ಕೆ ಇಳಿಯುತ್ತೆ. ಹೋದ ವರ್ಷ ಇಲ್ಲಿ ಒಂದು ಕಾಡುಪಾಪ ಅಡುಗೆ ಅಕ್ಕನ ಬೆರಳು ಕಚ್ಚಿತ್ತು, ಕೈ ಮೊಣಕೈವರೆಗೂ ಊದಿಕೊಂಡು ಉಸಿರಾಟ ಕಷ್ಟ ಆಗಿ ಆಸ್ಪತ್ರೆ ಸೇರಿದ್ದರು. ಇಲ್ಲಿ ಪ್ರಾಣಿಗಳಿಗೆ ಹುಳು ಹಣ್ಣು ಹೆಚ್ಚಿಡೋರು ಅವರೇ. ‘ತಪ್ಪು ನಂದೇ ಕಣಮ್ಮ, ಕೈ ಎತ್ತಿ ಮುಂಚೆನೇ ಹೇಳಿತ್ತು, ನಾನೇ ಕೇಳಿಸಿಕೊಳ್ಳಲಿಲ್ಲ’ ಅಂತಾರೆ.

ಓಡೋಕೆ ಬರಲ್ಲ, ಹಾರೋಕೆ ಬರಲ್ಲ. ಮೊದಲು ಗಂಟಾಗೋದು, ಅದೂ ಆಗದಿದ್ದರೆ ಕೈ ಎತ್ತೋದು. ಅಷ್ಟೇ ಇರೋದು. ನಿಧಾನಮ್ಮ ಈಗಲೂ ಕೈ ಎತ್ತುತ್ತಾಳೆ. ಬಾಯಿ ತುಂಬ ವಿಷ ಇಟ್ಕೊಂಡು ನಿಲ್ತಾಳೆ. ಕಚ್ಚೋಕೆ ಏನೂ ಇಲ್ಲ. ನಾಲಿಗೆಯಲ್ಲಿ ವಸಡು ಸವರಿಕೊಂಡು ಸುಮ್ಮನಾಗ್ತಾಳೆ.

ಹಲ್ಲು ಮತ್ತೆ ಬರಲ್ಲ, ಅದು ನಿಮಗೇ ಗೊತ್ತು. ಇವಳನ್ನ ಕಾಡಿಗೆ ಬಿಡೋ ಹಾಗಿಲ್ಲ.

ಈಗ ನಾಲ್ಕನೇ ಸಲ ಓದಿದ್ದು. ಕೈ ಎತ್ತೋ ವಿಷಯ ನಾನು ಆ ಪತ್ರದಲ್ಲಿ ಬರೆದೇ ಇರಲಿಲ್ಲ. ಮರಗಟ್ಟಿಸೋ ಔಷಧಿ ವಿಷಯ ನಾನು ಕೇಳಿರಲಿಲ್ಲ. ರಜೆಯಲ್ಲೆಲ್ಲ ನಿಮ್ಮ ಕಪಾಟಿನಲ್ಲಿರೋ ಹಲ್ಲಿನ ಪ್ಲಾಸ್ಟರ್ ಅಚ್ಚುಗಳ ಧೂಳು ಒರೆಸಿದವಳು ನಾನು. ನಿಮ್ಮ ಹಾಗೆ ಎಡಗೈಯಲ್ಲಿ ಯಂತ್ರ ಹಿಡಿಯೋರು ಉಜ್ಜಿದ ಹಲ್ಲು ಯಾವ ಕಡೆಗೆ ಓರೆಯಾಗುತ್ತೆ ಅಂತ ನನಗೆ ಕಾಲೇಜು ಹೇಳಿಕೊಡಬೇಕಾಗಿಲ್ಲ. ಮೊದಲನೇ ದಿನವೇ ನೋಡಿದ್ದೆ. ನೋಡಿಯೂ, ಊರಲ್ಲಿ ಎಡಚರು ಎಷ್ಟೋ ಜನ ಇರ್ತಾರೆ ಅಂದ್ಕೊಂಡೆ.

ನೀವೇನಾ ಅಪ್ಪಾ?

ಗೂ.


ಸೆಪ್ಟೆಂಬರ್ ೨೮

ಪುಟ್ಟಿ,

ಆರು ವಾರ ಆಯಿತು. ನಾಲ್ಕು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ಹೌದು, ನಾನೇ.

ಜೂನ್ ಮೊದಲ ವಾರ. ಮಧ್ಯಾಹ್ನ ಒಂದೂವರೆ, ನಿನ್ನ ಅಮ್ಮ ಊಟಕ್ಕೆ ಹೋಗಿದ್ದಳು. ಒಬ್ಬ ಮನುಷ್ಯ ಮುಚ್ಚಳದ ಬುಟ್ಟಿ ತಂದ. ಮುಂದಿನ ಬೀದಿಯಲ್ಲಿ ಪಂಜರ, ಮೀನಿನ ತೊಟ್ಟಿ ಮಾರುತ್ತಾನೆ. ಅವನ ದವಡೆ ಹಲ್ಲು ನಾನೇ ಕಿತ್ತದ್ದು. ‘ಡಾಕ್ಟ್ರೇ, ಮನೇಲಿ ಮಕ್ಕಳಿಗೆ ಅಂತ ಸಾಕಿದ್ದೀವಿ, ಕಚ್ಚುತ್ತೆ, ಚೂಪು ಸ್ವಲ್ಪ ಮೊಂಡು ಮಾಡಿಕೊಡಿ. ಇಲ್ಲಾಂದ್ರೆ ನಾನೇ ಉಗುರು ಕತ್ತರೀಲಿ ಮಾಡ್ಕೋತೀನಿ’ ಎಂದ. ಆ ಕೊನೆಯ ಮಾತು ಕೇಳಿ ನಾನು ಕೈಗವಸು ಹಾಕಿಕೊಂಡೆ. ಆಗ ಅದು ದಯೆ ಎನ್ನಿಸಿತ್ತು. ಈಗ ನೋಡಿದರೆ, ನನ್ನನ್ನು ಒಪ್ಪಿಸಲು ಯಾವ ಮಾತು ಸಾಕು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಇನ್ನೊಂದು ಇದೆ. ಬುಟ್ಟಿಯ ಮುಚ್ಚಳ ತೆಗೆದಾಗ ಅದು ಕೈ ಎತ್ತಿತು. ನೀನು ಹೋಗಿ ಒಂದು ತಿಂಗಳಾಗಿತ್ತು. ನಾನು ಎತ್ತಿಕೊಂಡೆ. ಎದೆಗೆ ಒತ್ತಿಕೊಂಡು ಬೆನ್ನು ಸವರಿದೆ. ಅದು ಅಲ್ಲಾಡಲಿಲ್ಲ. ಎಷ್ಟು ನಂಬುತ್ತದೆ ನೋಡು ಎಂದುಕೊಂಡೆ. ಅದು ಗಂಟಾಗಿತ್ತು ಎಂದು ನಿನ್ನ ಪತ್ರ ಬಂದ ಮೇಲೆ ತಿಳಿಯಿತು.

ನೀನು ಮೊದಲ ಪತ್ರದಲ್ಲಿ ಕೇಳಿದಾಗಲೇ ಹೇಳಬೇಕಿತ್ತು. ಹೇಳದೆ, ನೋವಾಗದಂತೆ ಮಾಡಿರುತ್ತಾರೆ ಎಂದು ಬರೆದೆ. ಯಾರೋ ಮಾಡಿದ್ದು ಎನ್ನುವಂತೆ.

ನಿನ್ನೆ ಅರಣ್ಯ ಕಚೇರಿಗೆ ಹೋಗಿ ಹೇಳಿಕೆ ಬರೆದುಕೊಟ್ಟು ಬಂದೆ. ಅವನ ಅಂಗಡಿಯ ವಿಳಾಸ, ನನ್ನ ಹೆಸರು, ನಾನು ಮಾಡಿದ್ದು, ಎಲ್ಲ. ಗುಮಾಸ್ತ ‘ನಿಮ್ಮ ಮೇಲೂ ಕೇಸು ಬರುತ್ತೆ ಸಾರ್, ಯೋಚನೆ ಮಾಡಿ’ ಎಂದು ಕಾಗದ ವಾಪಸ್ಸು ತಳ್ಳಿದ. ನಾನು ಮತ್ತೆ ಅವನ ಕಡೆ ತಳ್ಳಿದೆ.

ಅಪ್ಪ


ಅಕ್ಟೋಬರ್ ೫

ಮಾನ್ಯ ದಂತವೈದ್ಯರಿಗೆ,

ನಮ್ಮ ಕೇಂದ್ರದ ಡಾಕ್ಟರಮ್ಮ ಬರೀ ಅಂದರು, ಬರೀತಿದ್ದೀನಿ.

ನಿಧಾನಮ್ಮನ ಹೊಟ್ಟೆಯಲ್ಲಿ ಮರಿ ಇದೆ. ಹಿಡಿದು ತರೋ ಮುಂಚೆಯೇ ಇದ್ದಿರಬೇಕು. ನವೆಂಬರ್ ಕೊನೆಗೆ ಆಗಬಹುದು. ಉಜ್ಜಿದ ಹಲ್ಲುಗಳಲ್ಲಿ ಎರಡರ ಬುಡಕ್ಕೆ ಕೀವು ತುಂಬಿದೆ. ದವಡೆ ಊದಿದೆ. ನಾಲ್ಕು ದಿನದಿಂದ ಅಂಟು ತಿಂದಿಲ್ಲ. ಔಷಧಿಗೆ ಬಗ್ಗುತ್ತಿಲ್ಲ. ಬೇರು ತೆಗೀಬೇಕು, ಆದರೆ ದವಡೆ ಬೆಂಕಿಕಡ್ಡಿಯಷ್ಟು ಸಣ್ಣ, ಒತ್ತಿದರೆ ಮುರಿಯುತ್ತೆ. ಮಂಪರಿನಲ್ಲಿ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಇಟ್ಟರೆ ಮರಿಗೆ ಅಪಾಯ. ತಾಯಿ ಹೋದರೆ ಎರಡೂ ಹೋಗುತ್ತೆ.

ಡಾಕ್ಟರಮ್ಮ ಹೇಳಿದ್ದು: ‘ನಾನು ದವಡೆ ಉಳಿಸಬಲ್ಲೆ ಅಂತ ಧೈರ್ಯವಾಗಿ ಹೇಳಲಾರೆ. ಆ ಹಲ್ಲು ಉಜ್ಜಿದ ಕೈ ಎಷ್ಟು ಹಗುರ ಅಂತ ನೋಡಿದ್ದೀನಿ. ಅದೇ ಕೈ ಬೇಕು.’ ಅದು ಯಾರ ಕೈ ಅಂತ ನಾನು ಅವರಿಗೆ ಹೇಳಿದೆ. ಅವರು ಕಡತ ಮುಚ್ಚಿಟ್ಟರು. ಆಮೇಲೆ, ‘ಜೀಪು ಗುರುವಾರ ಹೊರಡುತ್ತೆ’ ಅಂದರು.

ಈ ಪತ್ರ ತಂದವರ ಜೊತೆಯಲ್ಲೇ ಬರಬಹುದು.

ಇಂತಿ,
ಆರೈಕೆ ಸಹಾಯಕಿ


ಅಕ್ಟೋಬರ್ ೧೩

ಪುಟ್ಟಿ,

ಮನೆ ತಲುಪಿದೆ. ಅಲ್ಲಿದ್ದ ಎರಡು ದಿನದಲ್ಲಿ ನಾವಿಬ್ಬರೂ ಆಡಿದ ಮಾತು ಎಣಿಸಿದರೆ ಇಷ್ಟೇ: ‘ದೀಪ ಬಲಕ್ಕೆ.’ ‘ಸಾಕಾ?’ ‘ಇನ್ನೂ ಸ್ವಲ್ಪ.’ ‘ಹದಿನಾಲ್ಕು ನಿಮಿಷ.’ ‘ಹತ್ತಿ.’ ನೀನು ಎಂಟು ವರ್ಷದವಳಿದ್ದಾಗಲೂ ದೀಪ ಹಿಡಿಯುತ್ತಿದ್ದೆ, ಆಗ ನಿದ್ದೆ ಬಂದು ದೀಪ ಚಾವಣಿಯ ಕಡೆ ಹೋಗುತ್ತಿತ್ತು. ಈ ಸಲ ಒಂದು ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ.

ಎರಡು ಬೇರು ಬಂದವು. ಅಕ್ಕಿಕಾಳಿನ ಅರ್ಧದಷ್ಟು ಇದ್ದವು. ಉಳಿದ ನಾಲ್ಕು ಬುಡಗಳನ್ನು ಮುಚ್ಚಿದ್ದೇನೆ. ಅವು ಕೀವಾಗವು ಎಂದು ನಂಬಿದ್ದೇನೆ.

ಹೊರಡುವ ಮುಂಚೆ ಕೆಂಪು ದೀಪದ ಕೋಣೆಗೆ ಒಬ್ಬನೇ ಹೋಗಿದ್ದೆ. ಡಾಕ್ಟರಮ್ಮನನ್ನು ಕೇಳಿಯೇ ಹೋದೆ. ನಿಧಾನಮ್ಮ ಎಚ್ಚರವಾಗಿದ್ದಳು. ನನ್ನನ್ನು ನೋಡಿ ಮೊದಲು ಗಂಟಾದಳು. ಆಮೇಲೆ ಎರಡೂ ಕೈ ಎತ್ತಿದಳು. ನಾನು ಕೈ ಬೆನ್ನ ಹಿಂದೆ ಕಟ್ಟಿಕೊಂಡು ಹಿಂದೆ ಹಿಂದೆ ಹೆಜ್ಜೆಯಿಡುತ್ತಾ ಬಾಗಿಲವರೆಗೆ ಬಂದೆ. ಬಾಗಿಲು ಹಾಕುವಾಗ ನೋಡಿದೆ, ಒಂದು ಕೈ ಇಳಿಸಿದ್ದಳು.

ನಿಮ್ಮ ಮೇಜಿನ ಮೇಲೆ ಗುಲಾಬಿ ಮೇಣದ ಹಾಳೆಗಳ ಡಬ್ಬಿ ಬಿಟ್ಟು ಬಂದಿದ್ದೇನೆ, ಹಲ್ಲಿನ ಗುರುತು ತೆಗೆಯಲು. ಬೇರೆ ಪ್ರಾಣಿಗಳಿಗೆ ಬೇಕಾದೀತು.

ನೀನು ಬರೆಯಬೇಕೆಂದಿಲ್ಲ. ಮರಿಯಾದರೆ ಡಾಕ್ಟರಮ್ಮ ತಿಳಿಸಿದರೂ ಸಾಕು.

ಅಪ್ಪ


ಡಿಸೆಂಬರ್ ೨೦

ಅಪ್ಪಾ,

ಡಾಕ್ಟರಮ್ಮ ತಿಳಿಸ್ತೀನಿ ಅಂದರು, ನಾನೇ ಬೇಡ ಅಂದೆ.

ಮರಿಯಾಯ್ತು, ನವೆಂಬರ್ ಇಪ್ಪತ್ತೇಳಕ್ಕೆ. ಒಂದೇ. ಗಂಡು. ತೂಕ ಕೇಳಬೇಡಿ, ನಿಮ್ಮ ಪೆನ್ನಿಗಿಂತ ಸ್ವಲ್ಪ ಜಾಸ್ತಿ ಅಂದ್ಕೊಳ್ಳಿ. ತಾಯಿಯ ಹೊಟ್ಟೆ ಹಿಡಿದುಕೊಂಡು ನೇತಾಡ್ತಾನೆ. ಹೆಸರಿಡೋದು ಬೇಡ, ಕಾಡಿಗೆ ಹೋಗೋನು ಅಂತ ತೀರ್ಮಾನ. ಅಡುಗೆ ಅಕ್ಕ ಮಾತ್ರ ಗುಟ್ಟಾಗಿ ‘ಗುಂಡಿ’ ಅಂತಾರೆ. ಯಾಕೆ ಅಂದರೆ ಅಂಗಿಗೆ ಹಾಕಿದ ಹಾಗೆ ಅಂಟಿಕೊಂಡಿರ್ತಾನಂತೆ.

ಒಂದು ಭಯ ಇತ್ತು. ಕಾಡಿನಲ್ಲಿ ಇವುಗಳ ತಾಯಿ ಆಹಾರಕ್ಕೆ ಹೋಗುವಾಗ ಮರಿಯನ್ನ ಹೊತ್ತುಕೊಂಡು ಹೋಗಲ್ಲ, ಒಂದು ಕೊಂಬೆಗೆ ಹಿಡಿಸಿ ಬಿಟ್ಟು ಹೋಗ್ತಾಳೆ. ಹೋಗೋ ಮುಂಚೆ ಮೊಣಕೈಯ ರಸ ನೆಕ್ಕಿ, ಆ ವಿಷವನ್ನೇ ಮರಿಯ ಮೈಗೆಲ್ಲ ಬಾಚಿ ಹಚ್ಚುತ್ತಾಳೆ, ಯಾವ ಪ್ರಾಣಿಯೂ ಮೂತಿ ಇಡದ ಹಾಗೆ. ಬಾಚಣಿಗೆಯೇ ಇಲ್ಲದವಳು ಏನು ಮಾಡ್ತಾಳೆ? ಅವಳು ಮರಿಯನ್ನ ದೂರ ತಳ್ಳಿಬಿಟ್ಟರೆ ನಾವು ಬಾಟಲಿಯಲ್ಲಿ ಸಾಕಬೇಕು. ಹಾಗೆ ಸಾಕಿದ್ದು ಮನುಷ್ಯರಿಗೆ ಹೆದರಲ್ಲ. ಮನುಷ್ಯರಿಗೆ ಹೆದರದ್ದನ್ನ ಕಾಡಿಗೆ ಬಿಡಲ್ಲ.

ಮೊನ್ನೆ ಬೆಳಗ್ಗೆ, ಅವಳ ಮುಸ್ಸಂಜೆ ಹೊತ್ತು, ಗಾಜಿನ ಈಚೆ ಕೂತಿದ್ದೆ. ನಿಧಾನಮ್ಮ ಎರಡೂ ಕೈ ಎತ್ತಿದಳು. ಯಾರು ಬಂದರಪ್ಪಾ ಅಂತ ಹಿಂದೆ ತಿರುಗಿ ನೋಡಿದೆ, ಯಾರೂ ಇಲ್ಲ. ಮೊಣಕೈ ನೆಕ್ಕಿದಳು. ಆಮೇಲೆ ಮರಿಯನ್ನ ಹಿಡಿದು, ಬರೀ ನಾಲಿಗೆಯಲ್ಲಿ, ಕಿವಿಯಿಂದ ಶುರು ಮಾಡಿ ಕಾಲಿನ ತನಕ. ಹಲ್ಲಿದ್ದವಳಿಗೆ ಎಷ್ಟು ಹೊತ್ತು ಹಿಡಿಯುತ್ತೋ ಗೊತ್ತಿಲ್ಲ, ಇವಳಿಗೆ ನಲವತ್ತು ನಿಮಿಷ ಆಯ್ತು. ಸಂದಿಗೆ ನಾಲಿಗೆ ಹೋಗದಿದ್ದ ಕಡೆ ಮತ್ತೆ ಮತ್ತೆ ಬಂದಳು. ಮುಗಿದ ಮೇಲೆ ಮರಿಯ ಒಂದೊಂದು ಕೈಯನ್ನೂ ಕೊಂಬೆಗೆ ಹಿಡಿಸಿ, ಹಿಡಿತ ಗಟ್ಟಿ ಆಗೋ ತನಕ ಕಾದು, ಅಂಟಿನ ಕಡೆ ಹೊರಟಳು. ನಾವೇ ಕೊಂಬೆಗೆ ಅಂಟು ಸವರಿ ಇಡೋದು, ಕೆರೆಯೋ ಕೆಲಸ ಇರಬಾರದು ಅಂತ.

ಅಲ್ಲೇ ಕೂತು ಅತ್ತೆ ಅಪ್ಪಾ. ಅಡುಗೆ ಅಕ್ಕ ಬಂದು, ‘ಹುಳುವಿನ ತಟ್ಟೆಗೆ ಕಣ್ಣೀರು ಹಾಕಬೇಡ, ಉಪ್ಪಾದರೆ ತಿನ್ನಲ್ಲ’ ಅಂದರು.

ಇನ್ನೊಂದು ಹೇಳಬೇಕು. ಮೂರು ವರ್ಷದ ಹಿಂದೆ ನನ್ನ ಫೋನಿಗೆ ಒಂದು ವಿಡಿಯೋ ಬಂದಿತ್ತು. ಯಾರೋ ಒಂದು ಕಾಡುಪಾಪಕ್ಕೆ ಕಚಗುಳಿ ಇಡ್ತಾರೆ, ಅದು ಕೈ ಎತ್ತಿ ನಿಲ್ಲುತ್ತೆ. ‘ಇನ್ನೂ ಇಡಿ ಅಂತಿದೆ ಪಾಪು’ ಅಂತ ಬರೆದು ಐವತ್ತು ಜನಕ್ಕೆ ಕಳಿಸಿದವಳು ನಾನು. ಮೂರು ಹೃದಯ ಒತ್ತಿದ್ದೆ. ನಾನು ಕಾಡುಪಾಪದ ಅಭಿಮಾನಿ ಆಗಿದ್ದೇ ಅದನ್ನ ನೋಡಿ. ಅದು ಮುದ್ದಾಗಿದೆ ಅಂತ ಐವತ್ತು ಜನ ಒಪ್ಪಿದ್ದಕ್ಕೇ ಪಂಜರದ ಅಂಗಡಿಯವನು ಬುಟ್ಟಿ ಹೊತ್ತು ತರೋದು. ನಿಮ್ಮ ಮೇಲೆ ಸಿಟ್ಟು ಮಾಡಿಕೊಂಡ ಮೂರು ತಿಂಗಳೂ ಇದು ನನಗೆ ನೆನಪಿತ್ತು. ಬರೀಲಿಲ್ಲ.

ಸಿಟ್ಟು ಪೂರ್ತಿ ಹೋಗಿಲ್ಲ. ಸುಳ್ಳು ಹೇಳಲ್ಲ.

ಗೂಬೆಮರಿ


ಫೆಬ್ರವರಿ ೯

ಗೂಬೆಮರಿಗೆ,

ಸಿಟ್ಟು ಹೋಗುವ ಅವಸರ ಏನೂ ಇಲ್ಲ.

ವಿಚಾರಣೆ ಮುಗಿಯಿತು. ಪಂಜರದ ಅಂಗಡಿ ಮುಚ್ಚಿಸಿದರು. ಹಿಂದಿನ ಕೋಣೆಯಲ್ಲಿ ಇನ್ನೂ ನಾಲ್ಕು ಸಿಕ್ಕವು, ಹಲ್ಲು ಇದ್ದವು. ನನ್ನ ಕ್ಲಿನಿಕ್ಕನ್ನು ಎರಡು ತಿಂಗಳು ಮುಚ್ಚಬೇಕೆಂದು ಆದೇಶ ಬಂದಿದೆ. ಬಾಗಿಲಿಗೆ ಅದರ ಕಾರಣವನ್ನು ನನ್ನ ಕೈಯಲ್ಲೇ ಬರೆದು ಅಂಟಿಸಿದೆ. ಕಟ್ಟು ಹಲ್ಲಿನ ಮೇಷ್ಟ್ರು ಬಂದು ಪೂರ್ತಿ ಓದಿ, ಕೆಂಪು ಪೆನ್ನು ತೆಗೆದು ಒಂದು ಕಡೆ ‘ತಿಳಿಯದೆ’ ಎಂಬ ಪದ ಸೇರಿಸಿದರು. ಅವರು ಹೋದ ಮೇಲೆ ನಾನು ಅದನ್ನು ಹೊಡೆದುಹಾಕಿದೆ. ಮರುದಿನ ಮೇಷ್ಟ್ರು ಮತ್ತೆ ಬಂದು ಓದಿದರು. ‘ಮೇಲಿನ ಸೆಟ್ಟು ಇನ್ನೂ ಕಚ್ಚುತ್ತೆ, ಬಾಗಿಲು ತೆರೆದ ಮೇಲೆ ಬರ್ತೀನಿ’ ಎಂದರು.

ಮರಿಗೆ ಹಲ್ಲು ಹೇಗಿದೆ?

ಅಪ್ಪ


ಆಗಸ್ಟ್ ೧೧

ಅಪ್ಪಾ,

ನಿಮ್ಮ ಪ್ರಶ್ನೆಗೆ ಉತ್ತರ ಕೊಡೋಕೆ ಆರು ತಿಂಗಳು ತಗೊಂಡೆ, ನೀವೂ ಒಂದು ಸಲ ಆರು ವಾರ ತಗೊಂಡಿದ್ದಿರಿ. ಬರೀ ಬರೆದು ಹೇಳೋದು ಬೇಡ ಅನ್ನಿಸಿತ್ತು, ಅದಕ್ಕೆ ತಡೆದೆ.

ಗುಂಡಿ ನಿನ್ನೆ ದೊಡ್ಡ ಆವರಣಕ್ಕೆ ಹೋದ. ನಿಜವಾದ ಮರಗಳು, ನಿಜವಾದ ಕತ್ತಲೆ, ತೊಗಟೆಯೊಳಗೆ ಅಂಟು. ನಮ್ಮ ಯಾರ ಮುಖವೂ ಕಾಣಲ್ಲ. ಅಲ್ಲಿ ಮುಂದಿನ ವರ್ಷದವರೆಗೂ ಇದ್ದು, ತಾನೇ ಹುಡುಕಿ ತಿನ್ನೋದು ಕಲಿತರೆ ಬೇಲಿಯ ಬಾಗಿಲು ತೆಗೀತಾರೆ. ನಿಧಾನಮ್ಮ ನಮ್ಮ ಜೊತೆಯೇ ಇರ್ತಾಳೆ. ಅವಳ ಕೋಣೆಗೆ ಆ ಪಂಜರದ ಅಂಗಡಿಯಿಂದ ಬಂದ ನಾಲ್ಕರಲ್ಲಿ ಒಂದು ಹೆಣ್ಣನ್ನ ಬಿಟ್ಟಿದ್ದೀವಿ, ಅದರ ಕಾಲು ಊನ. ನಿನ್ನೆ ಇಬ್ಬರೂ ಒಂದೇ ಕೊಂಬೆಯಲ್ಲಿ ಉಂಡೆಯಾಗಿ ಮಲಗಿದ್ದರು. ಅದು ತನ್ನ ಹಲ್ಲಿನಲ್ಲಿ ಇವಳ ಕುತ್ತಿಗೆ ಬಾಚ್ತಿತ್ತು.

ಆವರಣಕ್ಕೆ ಕಳಿಸೋ ಮುಂಚೆ ಕಡತಕ್ಕೆ ಹಲ್ಲಿನ ಗುರುತು ಬೇಕು ಅಂದರು ಡಾಕ್ಟರಮ್ಮ. ನಿಮ್ಮ ಗುಲಾಬಿ ಮೇಣ ನೆನಪಾಯ್ತು. ದಪ್ಪ ಚರ್ಮದ ಕೈಗವಸಿನ ಮೇಲೆ ಹಾಳೆ ಸುತ್ತಿ ಹಿಡಿದೆ. ಅವನು ನನ್ನನ್ನ ನೋಡಿ ಕೈ ಎತ್ತಿದ. ನೆಕ್ಕಿದ. ಹಾವಿನ ತರ ಬುಸ್ ಅಂದ. ಹುಟ್ಟಿದಾಗಿನಿಂದ ಊಟ ಕೊಟ್ಟವಳು ಅಂತ ಒಂದು ಚೂರೂ ದಾಕ್ಷಿಣ್ಯ ಇಲ್ಲ. ಕಚ್ಚಿದ ನೋಡಿ. ಕೈಗವಸಿನ ಒಳಗೂ ಚುರುಕ್ ಅಂತು. ನನಗೆ ಎಷ್ಟು ಖುಷಿ ಆಯ್ತು ಅಂದರೆ, ಡಾಕ್ಟರಮ್ಮ ‘ಬಿಡಿಸ್ಕೊಳ್ಳೇ’ ಅಂತ ಕೂಗೋವರೆಗೂ ಹಾಗೇ ನಿಂತಿದ್ದೆ.

ಎರಡು ಗುರುತು ತೆಗೆದ್ವಿ. ಒಂದು ಕಡತಕ್ಕೆ. ಇನ್ನೊಂದನ್ನ ಹತ್ತಿಯಲ್ಲಿ ಸುತ್ತಿ ಇದರ ಜೊತೆ ಇಟ್ಟಿದ್ದೀನಿ. ಮೂರು ಸಲ ತೊಳೆದಿದ್ದೀವಿ, ಆದರೂ ಬರಿಗೈಯಲ್ಲಿ ಮುಟ್ಟಬೇಡಿ, ಅಮ್ಮನಿಗೂ ಮುಟ್ಟೋಕೆ ಬಿಡಬೇಡಿ. ಬೆಳಕಿಗೆ ಹಿಡಿದರೆ ಕಾಣುತ್ತೆ: ಕೆಳಗೆ ಆರು ಗೀಟು, ಒತ್ತೊತ್ತಾಗಿ. ಒಂದೂ ಓರೆ ಇಲ್ಲ.

ಕಪಾಟಿನ ಎರಡನೇ ಸಾಲಿನಲ್ಲಿ, ನನ್ನ ಏಳನೇ ವಯಸ್ಸಿನ ಅಚ್ಚಿದೆಯಲ್ಲ, ಮುಂದಿನ ಎರಡು ಹಲ್ಲು ಇಲ್ಲದ್ದು, ಅದರ ಪಕ್ಕ ಜಾಗ ಮಾಡಿ ಇಡಿ. ಧೂಳು ಒರೆಸೋಕೆ ರಜೆಯಲ್ಲಿ ನಾನೇ ಬರ್ತೀನಿ.

ನಿಮ್ಮ,
ಗೂಬೆಮರಿ